ನೀರೋನ ಪರವಾಗಿ ಕೂತ ಮೇಷ್ಟ್ರು

ಮಾತು ಹೊರಡುವ ಮೊದಲು ನಮ್ಮ ಇತಿಹಾಸದ ಮೇಷ್ಟ್ರ ಗಂಟಲಮಣಿ ಒಮ್ಮೆ ಮೇಲೇರಿ ಕೆಳಗಿಳಿಯುತ್ತಿತ್ತು. ಉದ್ದ ಕತ್ತು, ಸಣಕಲು ಮೈ, ಮೇಲಿನ ಗುಂಡಿ ಹಾಕದ ಬಿಳಿ ಅಂಗಿ. ಹಾಗಾಗಿ ಆ ಮಣಿಯ ಓಡಾಟ ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಅದು ಮೇಲೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತೆಂದರೆ ಇವತ್ತು ಪಾಠವಿಲ್ಲ, ಪಾತ್ರ ಎಂದು ನಮಗೆ ಗೊತ್ತಾಗುತ್ತಿತ್ತು. ಕೂಡಲೇ ಪುಸ್ತಕ ಮುಚ್ಚಿ ಕೈಕಟ್ಟಿ ಕೂರುತ್ತಿದ್ದೆವು. ಅಷ್ಟು ಶಿಸ್ತನ್ನು ನಾವು ಹೆಡ್‌ಮಾಸ್ತರಿಗೂ ತೋರಿಸಿದವರಲ್ಲ.

ಮೇಷ್ಟ್ರು ತಾಳಮದ್ದಳೆಯ ಅರ್ಥಧಾರಿ. ಕಳಸದಿಂದ ಗೋಣಿಬೀಡಿನವರೆಗೆ ಎಲ್ಲಿ ಭಾಗವತರು ತಾಳ ಹಿಡಿದು ಕೂತರೂ ಇವರು ಹಾಜರು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಚಾಪೆಯ ಮೇಲೆ ಎದುರುಬದುರು ಕೂತು ಮಾತಿನಲ್ಲೇ ರಾಮ ರಾವಣರಾಗುವ ಆಟ ಅದು. ಭಾಗವತರು ಒಂದು ಪದ್ಯ ಹಾಡಿದರೆ ಅದರ ಮೇಲೆ ಅರ್ಧ ಗಂಟೆ ಮಾತಾಡುವ ತಾಕತ್ತು ಬೇಕು. ಮೇಷ್ಟ್ರು ಒಂದು ದಿನವೂ ರಾಮನಾಗಲಿಲ್ಲ, ಕೃಷ್ಣನಾಗಲಿಲ್ಲ. ಅವರಿಗೆ ಬೇಕಾದದ್ದು ಕಂಸ, ಜರಾಸಂಧ, ದುರ್ಯೋಧನ. ಕೇಳಿದರೆ, "ರಾಮನ ಪರ ಮಾತಾಡೋಕೆ ಇಡೀ ಊರಿದೆ ಮಾರಾಯ್ತಿ. ಆಚೆ ಕಡೆಗೂ ಒಬ್ರು ಬೇಡ್ವಾ?" ಎನ್ನುತ್ತಿದ್ದರು.

ಇಂಥ ಮಹಾ ಖಳನಾಯಕನಿಗೆ ಘಾಟಿಯ ತಿರುವು ಬಂದರೆ ಹೊಟ್ಟೆ ತೊಳೆಸುತ್ತಿತ್ತು. ಬಸ್ಸು ಹತ್ತುವಾಗ ಜೇಬಿನಲ್ಲಿ ಒಂದು ನಿಂಬೆಹಣ್ಣು ಇರಲೇಬೇಕು. ತಿರುವು ಶುರುವಾದ ಕೂಡಲೇ ಅದನ್ನು ಉಗುರಿನಿಂದ ಚುಚ್ಚಿ ಮೂಗಿಗೆ ಹಿಡಿದು ಕಣ್ಣುಮುಚ್ಚಿ ಕೂರುತ್ತಿದ್ದರು. ಹಿಂದಿನ ದಿನ ಭೀಮನನ್ನು ಮಾತಿನಲ್ಲಿ ನೆಲಕ್ಕೆ ಕೆಡವಿದ ದುರ್ಯೋಧನ ಇವರೇನಾ ಎಂದು ನಗು ಬರುತ್ತಿತ್ತು. ನಾನು ಮುಂದೆ ಆ ಹಾದಿಯ ಸರ್ಕಾರಿ ಬಸ್ಸಿಗೇ ಕಂಡಕ್ಟರ್ ಆದೆನಲ್ಲ, ಅವರಿಗಾಗಿ ಮುಂದಿನ ಸೀಟು ಹಿಡಿದಿಡುವುದು ನನ್ನ ಡ್ಯೂಟಿಯ ಒಂದು ಭಾಗವೇ ಆಗಿತ್ತು.

ನೀರೋನನ್ನು ಅವರು ನಮಗೆ ಪರಿಚಯ ಮಾಡಿಸಿದ್ದು ಒಂಬತ್ತನೇ ತರಗತಿಯಲ್ಲಿ. ಪುಸ್ತಕದಲ್ಲಿ ರೋಮ್ ಸಾಮ್ರಾಜ್ಯ ಒಂದೆರಡು ಪುಟ ಇದ್ದಿರಬೇಕು, ಅದರಲ್ಲಿ ನೀರೋ ಇದ್ದನೋ ಇಲ್ಲವೋ ನೆನಪಿಲ್ಲ. ಮೇಷ್ಟ್ರು ಮಾತ್ರ ಅವನನ್ನು ಬಿಡಲಿಲ್ಲ. "ಈ ಹೆಸರು ಎಲ್ಲೆಲ್ಲಿ ಕೇಳಿದ್ದೀರಿ, ನಾಳೆ ಬಂದು ಹೇಳಿ" ಎಂದು ಮನೆಗೆ ಕಳಿಸಿದರು. ಮಾರನೇ ದಿನ ತರಗತಿ ಸಂತೆಯಾಯಿತು. ರೋಮ್ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದ ಎಂಬ ಗಾದೆಯನ್ನು ಅರ್ಧ ತರಗತಿ ತಂದಿತ್ತು. ಎಲ್ಲರೂ ಅದನ್ನು ಯಾವುದೋ ಒಂದು ಚುನಾವಣಾ ಭಾಷಣದಲ್ಲಿ ಕೇಳಿದವರೇ. "ವಿರೋಧ ಪಕ್ಷದಲ್ಲಿ ಕೂತವರಿಗೆಲ್ಲ ಅವನು ಕಾಣ್ತಾನೆ. ಅಧಿಕಾರ ಸಿಕ್ಕಿದ ಮರುದಿನ ಕಣ್ಣಿಗೆ ಬೀಳೋದಿಲ್ಲ" ಎಂದರು ಮೇಷ್ಟ್ರು. ಮೂಡಿಗೆರೆಯ ಸಿ.ಡಿ. ಅಂಗಡಿಯಲ್ಲಿ ಹಾಡು ತುಂಬಿಸಿಕೊಡುವ ಸಾಫ್ಟ್‌ವೇರಿಗೆ ಆ ಹೆಸರಿದೆ ಎಂದ ಒಬ್ಬ. ಕಂಪ್ಯೂಟರ್ ಗೇಮಿನಲ್ಲಿ ಆ ಹೆಸರಿನವನೊಬ್ಬ ಕತ್ತಿ ಬೀಸುತ್ತಾನೆ ಎಂದ ಇನ್ನೊಬ್ಬ. ನಾನು ತಂದದ್ದು ನಾಯಿಯನ್ನು. ನಮ್ಮ ಎಸ್ಟೇಟಿನ ಬಂಗಲೆಯಲ್ಲಿ ಸೀಸರ್ ಎಂಬ ನಾಯಿ ಸತ್ತ ಮೇಲೆ ನೀರೋ ಎಂಬ ನಾಯಿ ಪಟ್ಟಕ್ಕೆ ಬಂದಿತ್ತು. ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲೂ ನೀರೋ ಇದ್ದಾನೆ ಎಂದು ಅಪ್ಪ ಹೇಳಿದ್ದರು. ಬೆಳ್ಳಗಿನ ದೊರೆಗಳು ಬಿಟ್ಟುಹೋದ ಅಭ್ಯಾಸವಂತೆ, ಕಾಫಿ ಗಿಡದ ಜೊತೆಗೆ ನಾಯಿಯ ಹೆಸರೂ ಉಳಿದುಕೊಂಡಿತು.

"ಕಚ್ಚುತ್ತಾ?" ಎಂದು ಕೇಳಿದರು ಮೇಷ್ಟ್ರು.

"ಇಲ್ಲ ಸಾರ್, ಪಾಪದ್ದು. ಹೆಸರು ಕೇಳಿಯೇ ಎಲ್ರೂ ಓಡ್ತಾರೆ."

ಮೇಷ್ಟ್ರ ಗಂಟಲಮಣಿ ಮೇಲೆ ಹೋಗಿ ನಿಂತಿತು. ಅವತ್ತು ಅವರು ನೀರೋ ಆದರು. ನನ್ನ ಕಾಲದಲ್ಲಿ ಪಿಟೀಲು ಎಂಬ ವಾದ್ಯವೇ ಹುಟ್ಟಿರಲಿಲ್ಲ, ನಾನು ಬಾರಿಸುವುದೆಲ್ಲಿಂದ ಎಂದು ನಮ್ಮನ್ನೇ ಗದರಿದರು. ಬೆಂಕಿ ಬಿದ್ದಾಗ ನಾನು ಊರಲ್ಲೇ ಇರಲಿಲ್ಲ ಎಂದು ಬರೆದವರಿದ್ದಾರೆ, ಓಡಿ ಬಂದು ಮನೆ ಕಳಕೊಂಡವರಿಗೆ ನನ್ನ ತೋಟದ ಬಾಗಿಲು ತೆರೆಸಿದೆ ಎಂದು ಬರೆದವರಿದ್ದಾರೆ, ಅದನ್ನು ಯಾಕೆ ಯಾರೂ ಗಾದೆ ಮಾಡಲಿಲ್ಲ ಎಂದು ಕೇಳಿದರು. ನಮಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಪಾತ್ರ ಬಿಟ್ಟು ಮೇಷ್ಟ್ರಾಗಿ ಹೇಳಿದರು: "ಅವನು ಒಳ್ಳೆಯವನು ಅಂತ ತಿಳ್ಕೋಬೇಡಿ. ಹೆತ್ತ ತಾಯಿಯನ್ನೇ ಕೊಲ್ಲಿಸಿದವನು. ಮಾಡಿದ್ದಕ್ಕೆ ಎಷ್ಟು ಬೇಕಾದ್ರೂ ಬೈಯಿರಿ. ಮಾಡದ್ದಕ್ಕೆ ಬೈಬೇಡಿ."

ಹದಿನಾಲ್ಕು ವರ್ಷದ ನನಗೆ ಇದು ಬಹಳ ಸಣ್ಣ ಮಾತೆನಿಸಿತು. ರೋಮಿನ ರಾಜನನ್ನು ಬೈದರೆಷ್ಟು, ಬಿಟ್ಟರೆಷ್ಟು? ನಮ್ಮದು ಎಸ್ಟೇಟಿನ ಲೈನು, ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳು. ನಮ್ಮನ್ನು ಬೈಯಲು ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ, ತೋಟದ ಸಾವ್ಕಾರ್ರು ಹೀಗೆ ಸಾಲಾಗಿ ಜನ ಇರುವಾಗ ಆ ರಾಜನ ಚಿಂತೆ ಯಾರಿಗೆ?

ಇದೆಲ್ಲ ಕಳೆದು ವರ್ಷಗಳಾದವು. ಮೇಷ್ಟ್ರು ನಿವೃತ್ತರಾದರು, ನಾನು ಕಂಡಕ್ಟರ್ ಆದೆ. ಅಮ್ಮ ಇಲ್ಲ, ಲೈನಿನ ಮನೆಯಲ್ಲಿ ಅಪ್ಪ ಮತ್ತು ನಾನು. ಅಪ್ಪನಿಗೆ ಮಳೆಗಾಲದಲ್ಲಿ ತೋಟದ ಕೆಲಸ, ಹುಲ್ಲು ಒಣಗಿದ ಮೇಲೆ ಬೆಂಕಿ ಕಾಯುವ ಕೆಲಸ. ಎಸ್ಟೇಟಿನ ಮೇಲ್ಭಾಗಕ್ಕೆ ಅಂಟಿಕೊಂಡು ಒಂದು ಬೋಳುಗುಡ್ಡವಿದೆ, ಅದು ಅರಣ್ಯ ಇಲಾಖೆಯದು. ಫೆಬ್ರವರಿ ಬಂತೆಂದರೆ ಅದರ ಹುಲ್ಲು ಬೆಂಕಿಪೊಟ್ಟಣದ ಹಾಗೆ. ಗುಡ್ಡಕ್ಕೂ ನಮ್ಮ ಲೈನಿಗೂ ನಡುವೆ ಒಂದು ಕಾಲುದಾರಿ ಮಾತ್ರ. ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ತಲೆಗೆ ಅಡಿಕೆಯ ಹಾಳೆಟೋಪಿ, ಕೈಯಲ್ಲಿ ಕತ್ತಿ ಹಿಡಿದು ಅಪ್ಪ ತಿರುಗುತ್ತಿದ್ದರು. ಮಾತು ಕಮ್ಮಿ. ನನ್ನ ಬಾಯಿ ನೋಡಿದವರು ಇವಳು ಅವನ ಮಗಳೇ ಎಂದು ಕೇಳುವಷ್ಟು ಕಮ್ಮಿ.

ಹೋದ ವರ್ಷದ ಹಿಂದಿನ ಬೇಸಿಗೆ. ಕಳಸದಿಂದ ಬೆಳಗಿನ ಟ್ರಿಪ್ಪು ಹೊರಟಿತ್ತು. ಟಿಕೆಟ್ ಕೊಡುತ್ತ ಹಿಂದೆ ಹೋಗುವಾಗ ಒಂದು ಫೋನಿನಿಂದ ಪಿಟೀಲಿನ ಸ್ವರ ಕೇಳಿತು. ಎರಡು ಸೀಟು ಹಿಂದೆ ಇನ್ನೊಂದು ಫೋನಿನಿಂದ ಅದೇ ಸ್ವರ. ಕೊನೆಯ ಸೀಟಿಗೆ ಹೋಗುವಷ್ಟರಲ್ಲಿ ಬಸ್ಸೇ ಸಂಗೀತ ಕಚೇರಿ. "ಎಂತ ಅದು, ಎಲ್ರೂ ಒಂದೇ ನೋಡ್ತಿದ್ದೀರಿ?" ಎಂದು ಕೇಳಿದೆ. ಕಾಲೇಜು ಹುಡುಗಿಯೊಬ್ಬಳು ನಗುತ್ತ ಫೋನು ತಿರುಗಿಸಿದಳು. ಒಣಹುಲ್ಲಿನ ಗುಡ್ಡ. ಒಬ್ಬ ಮನುಷ್ಯ ಬಗ್ಗಿ ಬಗ್ಗಿ ಹುಲ್ಲಿಗೆ ಬೆಂಕಿ ಹಚ್ಚುತ್ತ ಹೋಗುತ್ತಿದ್ದಾನೆ. ತಲೆಯ ಮೇಲಿದ್ದದ್ದಕ್ಕೆ ಎಲೆಗಳ ಕಿರೀಟ ಅಂಟಿಸಿದ್ದಾರೆ, ಕೈಗೆ ಪಿಟೀಲು ಅಂಟಿಸಿದ್ದಾರೆ. ಕೆಳಗೆ ದೊಡ್ಡ ಅಕ್ಷರದಲ್ಲಿ: ನಮ್ಮೂರ ನೀರೋ.

ಎಡಭುಜ ಸ್ವಲ್ಪ ತಗ್ಗಿಸಿಕೊಂಡು ನಡೆಯುವ ಆ ನಡಿಗೆಗೆ ಯಾವ ಕಿರೀಟ ಅಂಟಿಸಿದರೂ ನನಗೆ ಗುರುತು ಸಿಗುತ್ತದೆ. "ನಿಂಗೆ ಎಲ್ಲಿಗಮ್ಮ?" ಎಂದು ಅವಳನ್ನು ಕೇಳಿದೆ. ಆಗಲೇ ಟಿಕೆಟ್ ಕೊಟ್ಟಿದ್ದೀರಲ್ಲ ಅಕ್ಕಾ ಎಂದಳು.

"ಬೆಂಕಿ ಇಲ್ದೆ ಹೊಗೆ ಬರುತ್ತಾ? ಇಂಥವರನ್ನು ಒಳಗೆ ಹಾಕ್ಬೇಕು" ಎಂದರು ಪಕ್ಕದ ಸೀಟಿನ ಹಿರಿಯರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅವರನ್ನು ಅಲ್ಲೇ ಇಳಿಸಿಬಿಡಬೇಕೆನ್ನುವಷ್ಟು ಸಿಟ್ಟು ಬಂತು. ಇಳಿಸಲಿಲ್ಲ, ಸೀಟಿ ಊದಿದೆ.

ಮನೆಗೆ ಬರುವಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದು ಹೋಗಿದ್ದರು. "ಬೆಂಕಿ ಇಟ್ಟದ್ದು ನೀನೇನಾ?" ಎಂದು ಕೇಳಿದರಂತೆ. ಅಪ್ಪ "ಹೌದು" ಎಂದರಂತೆ. ಮುಗಿಯಿತಲ್ಲ ಕತೆ! ಗಾರ್ಡಿಗೆ ಅಷ್ಟೇ ಸಾಕಾಗಿತ್ತು. ಕೇಸು ಹಾಕಲೇಬೇಕು, ಮೇಲಿನಿಂದ ಒತ್ತಡ ಇದೆ, ವಿಡಿಯೋ ಜಿಲ್ಲೆಯೆಲ್ಲ ತಿರುಗಿದೆ ಎಂದು ಹೇಳಿ ಹೋದರು. ಸಂಜೆ ರೈಟರ್ ಬಂದು ಸಾವ್ಕಾರ್ರ ಮಾತು ತಿಳಿಸಿದರು. ಕೇಸು ಆದರೆ ಅಪ್ಪನಿಗೆ ಎಸ್ಟೇಟಿನಲ್ಲಿ ಕೆಲಸವಿಲ್ಲ. ಕೆಲಸವಿಲ್ಲದವರಿಗೆ ಲೈನಿನಲ್ಲಿ ಮನೆಯೂ ಇಲ್ಲ.

"ಆಗಿದ್ದೆಂತ ಅಂತ ಹೇಳ್ಬೇಕಲ್ಲ ಅಪ್ಪಾ" ಎಂದು ಕಿರುಚಿದೆ.

"ಬೆಂಕಿ ಕೊಟ್ಟದ್ದು ಹೌದಲ್ಲ ಮಗಾ. ಇಲ್ಲ ಅಂತ ಹೇಗೆ ಹೇಳದು?"

ಆಗಿದ್ದು ಇಷ್ಟು. ಗುಡ್ಡದ ನೆತ್ತಿಯ ಆಚೆ ಯಾರಿಂದಲೋ ಬಿದ್ದ ಬೆಂಕಿ ಗಾಳಿಗೆ ಈಚೆ ಇಳಿಯಲು ಶುರುವಾಗಿತ್ತು. ಲೈನಿನ ಜನವೆಲ್ಲ ಇನ್ನೊಂದು ಮಗ್ಗುಲಿನಲ್ಲಿ ರೊಬಸ್ಟಾ ಹಣ್ಣು ಕುಯ್ಯಲು ಹೋಗಿದ್ದರು. ಮನೆಗಳಲ್ಲಿ ಇದ್ದದ್ದು ಮುದುಕಿಯರು, ತೊಟ್ಟಿಲ ಮಕ್ಕಳು. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲ. ಅಪ್ಪ ಕಾಲುದಾರಿಯ ಅಂಚಿಗೆ ಉದ್ದಕ್ಕೂ ಎದುರು ಬೆಂಕಿ ಕೊಟ್ಟರು. ಕೆಳಗಿನ ಹುಲ್ಲು ಮೊದಲೇ ಉರಿದುಹೋದರೆ ಮೇಲಿನಿಂದ ಬರುವ ಬೆಂಕಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಎರಡು ಬೆಂಕಿ ನಡುಗುಡ್ಡದಲ್ಲಿ ಕೂಡಿ ಸತ್ತವು. ಬೆಟ್ಟದ ಬೆಂಕಿ ಕಂಡವರೆಲ್ಲರಿಗೂ ಈ ಉಪಾಯ ಗೊತ್ತು. ಆದರೆ ರಸ್ತೆಯ ತಿರುವಿನಲ್ಲಿ ನಿಂತವನಿಗೆ ಗುಡ್ಡದ ಭುಜ ಅಡ್ಡ. ಮೇಲಿನ ಬೆಂಕಿ ಕಾಣುವುದಿಲ್ಲ, ಹಚ್ಚುವ ಮನುಷ್ಯ ಮಾತ್ರ ಕಾಣುತ್ತಾನೆ.

ಮಾರನೇ ದಿನ ಗಾರ್ಡಿಗೆ ಇದನ್ನೆಲ್ಲ ಹೇಳಿದೆ. "ಮಗಳು ಹೀಗೆ ಹೇಳದೆ ಇನ್ನು ಹೇಗೆ ಹೇಳ್ತೀರಿ ತಾಯಿ" ಎಂದರು. ಲೈನಿನ ಮುದುಕಿಯರು ಹೇಳಿದರು. ಲೈನಿನವರು ಲೈನಿನವರನ್ನು ಬಿಟ್ಟುಕೊಡುತ್ತಾರಾ ಎಂದರು. ಗುಡ್ಡಕ್ಕೆ ಬಂದು ನೋಡಿ ಎಂದರೆ, ಉರಿದ ಮೇಲೆ ಎಲ್ಲ ಕರಿಯೇ, ಯಾವುದು ಯಾರ ಬೆಂಕಿ ಅಂತ ಹೆಸರು ಬರೆದಿರುತ್ತಾ ಎಂದರು. ಕೆಟ್ಟ ಮನುಷ್ಯರೇನಲ್ಲ ಅವರು. ಮೇಲಿನವರಿಗೆ ಉತ್ತರ ಕೊಡಬೇಕಿತ್ತು, ಹೌದು ಎಂದವನೊಬ್ಬ ಸುಲಭವಾಗಿ ಸಿಕ್ಕಿದ್ದ.

ಆ ವಾರ ಮೇಷ್ಟ್ರು ನನ್ನ ಬಸ್ಸು ಹತ್ತಿದರು. ಮುಂದಿನ ಸೀಟಿನಲ್ಲಿ ಕೂತು ನಿಂಬೆಹಣ್ಣು ತೆಗೆದರು. ನಾನು ಪಕ್ಕದಲ್ಲಿ ನಿಂತದ್ದೇ ತಡ, "ಆ ವಿಡಿಯೋದಲ್ಲಿರೋದು ನಿಮ್ಮಪ್ಪ ಅಲ್ವಾ?" ಎಂದರು. ಅಷ್ಟೂ ದಿನ ಬಿಗಿಹಿಡಿದದ್ದು ಕಟ್ಟೆಯೊಡೆಯಿತು. ತುಂಬಿದ ಬಸ್ಸಿನಲ್ಲಿ, ಯೂನಿಫಾರ್ಮಿನಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಅತ್ತೆ. ಮೇಷ್ಟ್ರು ಸಮಾಧಾನ ಹೇಳುವ ಜಾತಿಯವರಲ್ಲ. ಅಳು ನಿಲ್ಲುವವರೆಗೆ ಕಾದು, ಮೂಗಿನಿಂದ ನಿಂಬೆಹಣ್ಣು ತೆಗೆಯದೆ, ಒಂದೊಂದೇ ಕೇಳಿದರು. ವಿಡಿಯೋ ತೆಗೆದವರು ಯಾರು? ಎಲ್ಲಿ ನಿಂತು ತೆಗೆದರು? ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದರು?

ತೆಗೆದದ್ದು ಟೂರಿಸ್ಟರನ್ನು ಗುಡ್ಡದ ಮೇಲೆ ಕರೆದೊಯ್ಯುವ ಜೀಪಿನ ಡ್ರೈವರ್. ಅವನೂ ನಮ್ಮ ಶಾಲೆಯವನೇ, ನನಗಿಂತ ಎರಡು ತರಗತಿ ಕೆಳಗೆ ಇದ್ದವನು. ಪಿಟೀಲು ಕಿರೀಟ ಎಲ್ಲ ಅಂಟಿಸಿದ್ದು ಬೇರೆ ಯಾರೋ. ನೀರೋ ಎಂದು ಮೊದಲು ಬರೆದವನು ಮಾತ್ರ ಇವನೇ.

"ನಾನು ಕಲಿಸಿದ ಹೆಸರು" ಎಂದರು ಮೇಷ್ಟ್ರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ, "ಅವನು ಈಗ ಅರ್ಥ ಹೇಳೋಕೆ ಬರ್ತಾನಲ್ಲ ನಮ್ಮ ಜೊತೆ. ಚಂದ ಮಾತಾಡ್ತಾನೆ. ಸ್ವಲ್ಪ ಅವಸರ" ಎಂದರು.

"ಅವನಿಗೆ ಎರಡು ಬಿಡ್ಬೇಕು ಸಾರ್."

"ಬಿಡೋದು ಬೇಡ. ಕೂರ್ಸೋಣ."

ಮುಂದಿನ ಭಾನುವಾರ ಮಧ್ಯಾಹ್ನ ನಮ್ಮೂರ ಸಮುದಾಯ ಭವನದಲ್ಲಿ ತಾಳಮದ್ದಳೆ ಎಂದು ಸುದ್ದಿಯಾಯಿತು. ಪ್ರಸಂಗ: ನೀರೋ. ಜನಕ್ಕೆ ಇನ್ನೇನು ಬೇಕು? ರಾಮಾಯಣಕ್ಕೆ ಬಾರದವರೂ ಬಂದರು. ಮೇಷ್ಟ್ರೇ ಮನೆಮನೆಗೆ ಹೋಗಿ ಕರೆದಿದ್ದರು. ಸಾವ್ಕಾರ್ರನ್ನು, ಗಾರ್ಡನ್ನು, ಬಸ್ಸಿನಲ್ಲಿ ಬೆಂಕಿ ಇಲ್ದೆ ಹೊಗೆ ಬರುತ್ತಾ ಎಂದ ಆ ಹಿರಿಯರನ್ನೂ. ಎದುರು ಕೂತು ವಾದ ಮಾಡುವ ರೋಮಿನ ಪ್ರಜೆಯ ಪಾತ್ರ ಜೀಪಿನವನಿಗೆ. ಮೇಷ್ಟ್ರ ಎದುರು ಕೂರುವ ಅವಕಾಶವನ್ನು ನಮ್ಮ ಕಡೆ ಯಾವ ಅರ್ಥಧಾರಿಯೂ ಬೇಡ ಎನ್ನುವುದಿಲ್ಲ. ಅವನು ಹೊಸ ಶಾಲು ಹೊದ್ದು ಬಂದಿದ್ದ. ನಾನು ಅಪ್ಪನನ್ನು ಎಳೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸಿದೆ. ಎಲ್ಲರೂ ತಿರುಗಿ ನೋಡಿದರು. ಅಪ್ಪ ಕಾಲಿನ ಹೆಬ್ಬೆರಳು ನೋಡುತ್ತ ಕೂತರು.

ರೋಮಿನ ಪ್ರಸಂಗಕ್ಕೆ ಪದ್ಯ ಎಲ್ಲಿದೆ? ಭಾಗವತರು ತಾವೇ ಕಟ್ಟಿಕೊಂಡು ಬಂದಿದ್ದರು.

"ಉರಿಯುತಿರಲು ರೋಮನಗರಿ ಅರಸ ನೀನದೆಲ್ಲಿ ಇದ್ದೆ
ಅರುಹು ಸಭೆಗೆ ಮರೆಯದೆ ನಿಜವ."

ಮದ್ದಳೆ ನಿಂತಿತು. ಜೀಪಿನವ ಜೋರಾಗಿ ಶುರುಮಾಡಿದ. "ಎಲೈ ಅರಸನೇ! ನಿನ್ನ ಪ್ರಜೆಗಳ ಮನೆಗಳು ಬೂದಿಯಾಗುತ್ತಿರುವಾಗ ತಂತಿ ಮೀಟುತ್ತಿದ್ದವನು ನೀನಲ್ಲವೇ? ಮಾತೃಹಂತಕ ನೀನಲ್ಲವೇ?" ಚಪ್ಪಾಳೆ ಬಿತ್ತು. ಹುಡುಗ ನಿಜಕ್ಕೂ ಚಂದ ಮಾತಾಡಿದ.

ಮೇಷ್ಟ್ರು ತಲೆಬಾಗಿ ಕೇಳಿಸಿಕೊಂಡರು. "ತಾಯಿಯನ್ನು ಕೊಲ್ಲಿಸಿದವನು ನಾನೇ. ಆ ಪಾಪಕ್ಕೆ ನೀನು ಯಾವ ದಂಡನೆಯನ್ನು ವಿಧಿಸಿದರೂ ಶಿರಬಾಗಿದ್ದೇನೆ. ಆದರೆ ಪ್ರಜೆಯೇ, ನನಗೊಂದು ಸಂದೇಹ. ಒಬ್ಬ ಪಾಪಿಯ ಹೆಸರನ್ನು ತೆಗೆದುಕೊಂಡು ಹೋಗಿ, ಬೆಟ್ಟದ ಬದಿಯಲ್ಲಿ ಹಾಳೆಟೋಪಿ ಧರಿಸಿ ನಿಂತ ಇನ್ನೊಬ್ಬನ ತಲೆಗೆ ಕಟ್ಟಿದೆಯಂತೆ. ನನ್ನ ಪಾಪ ಹೊರಲು ನಾನೊಬ್ಬ ಸಾಲದೇ?"

ಸಭೆಯಲ್ಲಿ ನಗು ಎದ್ದು ಅರ್ಧಕ್ಕೇ ನಿಂತಿತು. ಜೀಪಿನವ ಬೆವತರೂ ಬಿಟ್ಟುಕೊಡಲಿಲ್ಲ. "ಕಣ್ಣಾರೆ ಕಂಡದ್ದನ್ನು ಹೇಳಿದೆ, ಅರಸ."

"ಕಂಡದ್ದು ಎಲ್ಲಿ ನಿಂತು?"

"ದಾರಿಯ ತಿರುವಿನಲ್ಲಿ."

"ಅವನು ಹಚ್ಚಿದ ಬೆಂಕಿ ಯಾವ ದಿಕ್ಕಿಗೆ ನಡೆಯಿತು?"

"ಮೇಲಕ್ಕೆ, ಬೆಟ್ಟದ ನೆತ್ತಿಯ ಕಡೆಗೆ."

"ಮನೆಗಳು ಎಲ್ಲಿದ್ದವು?"

"ಕೆಳಗೆ. ಅವನ ಬೆನ್ನ ಹಿಂದೆ."

"ಭಲೇ. ಮನೆಗಳನ್ನು ಬೆನ್ನಿಗೆ ಇಟ್ಟುಕೊಂಡು, ಬೆಂಕಿಯನ್ನು ಅವುಗಳಿಂದ ದೂರ ಅಟ್ಟುವವನು ಎಂಥ ಕೇಡಿಗ? ಇರಲಿ. ಬೆಂಕಿಯಿಲ್ಲದೆ ಹೊಗೆಯಿಲ್ಲ ಎಂದು ನಿನ್ನ ನಾಡಿನ ಹಿರಿಯರು ಹೇಳುವುದುಂಟಷ್ಟೇ? ಹಾಗಾದರೆ ಹೊಗೆಯ ವಿಚಾರವನ್ನೇ ಕೇಳುತ್ತೇನೆ. ಆ ದಿನ ನಿನ್ನ ರಥ ಎಲ್ಲಿಂದ ಬರುತ್ತಿತ್ತು?"

"ಬೆಟ್ಟದ ಮೇಲಿನಿಂದ. ಅತಿಥಿಗಳನ್ನು ಕೂರಿಸಿಕೊಂಡು."

"ತಿರುವಿಗೆ ಬರುವವರೆಗೆ ನಿನ್ನ ಅತಿಥಿಗಳು ಏನು ಮಾಡುತ್ತಿದ್ದರು?"

ಗ್ರಂಥದ ಭಾಷೆ ಜೀಪಿನವನ ಬಾಯಿಂದ ಜಾರಿಹೋಯಿತು. "ಅವ್ರು... ಮೂಗಿಗೆ ಕರ್ಚೀಫ್ ಹಿಡ್ಕೊಂಡಿದ್ರು ಸಾರ್. ಮೇಲಿಂದ ಹೊರಡೋವಾಗ್ಲೇ ಕಣ್ಣು ಉರೀತಿತ್ತು. ಒಂದು ಮಗು ಕೆಮ್ಮಿ ಕೆಮ್ಮಿ ಅಳ್ತಿತ್ತು. ಬೇಗ ಇಳಿಸ್ರಿ ಅಂತ ಬೈದ್ರು ನಂಗೆ."

ಮೇಷ್ಟ್ರು ಇನ್ನೂ ರೋಮಿನ ಅರಸನ ಭಂಗಿಯಲ್ಲೇ ಇದ್ದರು. "ಪ್ರಜೆಯೇ, ಆಗಿನ್ನೂ ಆ ಹಾಳೆಟೋಪಿಯವನು ನಿನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಗಾದರೆ ಆ ಹೊಗೆ ಯಾವ ಬೆಂಕಿಯದು?"

ಜೀಪಿನವ ಚಾಪೆಯಿಂದ ಎದ್ದುಬಿಟ್ಟ. ಹೊಸ ಶಾಲು ಅಲ್ಲೇ ಬಿತ್ತು. "ಮೇಲೆ ಮೊದ್ಲೇ ಬಿದ್ದಿತ್ತು ಸಾರ್. ಬೆಂಕಿ ಮೊದ್ಲೇ ಬಿದ್ದಿತ್ತು. ಇವ್ರು ಎದುರು ಬೆಂಕಿ ಕೊಟ್ಟದ್ದು" ಎಂದವನು ಹಿಂದಿನ ಸಾಲಿನಲ್ಲಿ ಅಪ್ಪನನ್ನು ಹುಡುಕಿದ. "ನಂಗೆ ತಲೇಗೇ ಹೋಗ್ಲಿಲ್ಲ ಮಾರಾಯ್ರೆ. ಸತ್ಯವಾಗೂ ಹೋಗ್ಲಿಲ್ಲ."

ಅಪ್ಪ ಗಾಬರಿಯಿಂದ ನನ್ನ ಕೈ ಹಿಡಿದರು. ಅವರನ್ನು ಇಷ್ಟು ಜನ ಒಟ್ಟಿಗೆ ನೋಡಿದ್ದು ಅವರ ಮದುವೆಯಲ್ಲೂ ಇರಲಿಕ್ಕಿಲ್ಲ. ಗಾರ್ಡ್ ಎದ್ದು, ಟೋಪಿ ತೆಗೆದು ಮತ್ತೆ ಹಾಕಿಕೊಂಡು, "ನಾಳೆ ಬೆಳಿಗ್ಗೆ ಗುಡ್ಡಕ್ಕೆ ಹೋಗಿ ಬರುವ. ನೀನೂ ಬಾ, ಜೀಪಿನವನೂ ಬರ್ಲಿ" ಎಂದರು. ಸಾವ್ಕಾರ್ರು ಏನೂ ಹೇಳದೆ ಹೊರಗೆ ಹೋದರು. ಭಾಗವತರು ಮಾತ್ರ ಇದ್ಯಾವುದೂ ತಮಗೆ ಸಂಬಂಧವಿಲ್ಲದವರಂತೆ ಮಂಗಳ ಹಾಡಿಯೇ ತಾಳ ಕೆಳಗಿಟ್ಟರು.

ಗಾರ್ಡ್ ಮಾರನೇ ದಿನ ನೆತ್ತಿಯವರೆಗೆ ಹತ್ತಿದರು. ಆಚೆ ಮಗ್ಗುಲಿನಿಂದ ಕರಿ ಹಾಸಿಕೊಂಡು ಬಂದದ್ದು, ನಡುವೆ ಎರಡು ಬೆಂಕಿ ಕೂಡಿದ ಜಾಗ, ಎಲ್ಲವನ್ನೂ ಈ ಸಲ ನೋಡಬೇಕೆಂದು ನೋಡಿದರು. ಅಪ್ಪನ ಮೇಲೆ ಕೇಸು ಆಗಲಿಲ್ಲ. ಮುಂದಿನ ಸಲ ಎದುರು ಬೆಂಕಿ ಕೊಡುವ ಮೊದಲು ಒಂದು ಫೋನು ಮಾಡು ಮಾರಾಯ ಎಂದು ನಂಬರು ಕೊಟ್ಟು ಹೋದರು. ಸಂಜೆ ಸಾವ್ಕಾರ್ರು ರೈಟರನ್ನು ಕಳಿಸದೆ ತಾವೇ ಲೈನಿಗೆ ಬಂದರು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು, "ನಾಳೆಯಿಂದ ಕೆಲಸಕ್ಕೆ ಬಾ. ಮನೆ ಬಿಡೋ ವಿಚಾರ ಮರ್ತುಬಿಡು" ಎಂದರು. ಅವರು ತಿರುವು ದಾಟುವವರೆಗೆ ನಾನು ಅಂಗಳದಲ್ಲೇ ನಿಂತಿದ್ದೆ. ಆಮೇಲೆ ಒಳಗೆ ಬಂದು ನೆಲದ ಮೇಲೆ ಮಲಗಿಬಿಟ್ಟೆ. ಮೈ ಅಷ್ಟು ಹಗುರಾಗಿತ್ತು. ಅಪ್ಪ ಒಲೆ ಹಚ್ಚಿ ಕಾಫಿ ಮಾಡಿದರು, ಸಕ್ಕರೆ ಹಾಕಲು ಮರೆತರು, ಇಬ್ಬರೂ ಹಾಗೇ ಕುಡಿದೆವು.

ಜೀಪಿನವ ತನ್ನ ವಿಡಿಯೋ ತೆಗೆದುಹಾಕಿ ನಿಜ ಸಂಗತಿ ಹೇಳುವ ಇನ್ನೊಂದು ಹಾಕಿದ. ಪಿಟೀಲಿಗೆ ಬಿದ್ದ ಲೈಕಿನ ಕಾಲುಭಾಗವೂ ಅದಕ್ಕೆ ಬೀಳಲಿಲ್ಲ. ಈಗಲೂ ಸಂತೆಯಲ್ಲಿ ಯಾರಾದರೂ ಹಿಂದಿನಿಂದ "ನೀರೋ" ಎಂದು ಕೂಗುವುದುಂಟು. ಬಂಗಲೆಯ ನಾಯಿಯನ್ನು ಕರೆದಿರಬೇಕು ಎಂಬಂತೆ ಅಪ್ಪ ಮುಂದೆ ಹೋಗುತ್ತಾರೆ.

ಆ ವಾರವೇ ಅಪ್ಪ ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡು ಮೇಷ್ಟ್ರ ಮನೆಗೆ ಹೊರಟರು, ನಾನೂ ಹೋದೆ. ಅಪ್ಪ ಗೊನೆಯನ್ನು ಜಗಲಿಯಲ್ಲಿ ಇಳಿಸಿ ಕೂತರು. ಆಮೇಲೆ ತಾವೇ ಕೇಳಿದರು. "ಆ ರಾಜ ನಿಜವಾಗಿ ಬೆಂಕಿ ಇಟ್ಟಿರ್ಲಿಲ್ವಾ ಮೇಷ್ಟ್ರೆ?"

"ನಂಗೊತ್ತಿಲ್ಲ ಮಾರಾಯ."

"ಮತ್ತೆ ಅಷ್ಟು ಜೋರು ವಾದ ಮಾಡಿದ್ರಿ?"

"ಗೊತ್ತಿಲ್ಲ ಅಂತಲೇ ಮಾಡಿದ್ದು. ಗೊತ್ತಿಲ್ಲದೆ ಒಬ್ಬನನ್ನು ಸಾವಿರಾರು ವರ್ಷ ಬೈತಾ ಬಂದಿದ್ದೀವಲ್ಲ, ಒಂದು ಮಧ್ಯಾಹ್ನ ಅವನ ಪರ ಕೂತ್ರೆ ಗಂಟು ಹೋಗುತ್ತಾ?"

ಒಳಗಿನಿಂದ ಮೇಷ್ಟ್ರ ಹೆಂಡತಿ, "ನಿಮ್ಮ ರಾಜ ಅಲ್ಲೇ ಇರ್ಲಿ, ಅವ್ರಿಗೆ ಕಾಫಿ ಆರ್ತಾ ಉಂಟು" ಎಂದರು. ಅಪ್ಪ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕರು.

ಮೇಷ್ಟ್ರು ಹೋದದ್ದು ಈ ವರ್ಷ ಮಾರ್ಚಿನಲ್ಲಿ. ಬೆಳಿಗ್ಗೆ ಎದ್ದು ಮುಖ ತೊಳೆದು ಜಗಲಿಯಲ್ಲಿ ಕೂತವರು ಹಾಗೇ ಗೋಡೆಗೆ ಒರಗಿದ್ದರಂತೆ. ಒಂದು ದಿನ ಮಲಗಲಿಲ್ಲ, ಯಾರ ಕೈಗೂ ಬೀಳಲಿಲ್ಲ. ಅತ್ತು ಮುಗಿದ ಮೇಲೆ ಎಲ್ಲರೂ ಪುಣ್ಯವಂತರು ಎಂದೇ ಹೇಳಿದೆವು. ನನ್ನ ಮಟ್ಟಿಗೆ ಆ ಮಾತು ಬಾಯಿಮಾತಲ್ಲ. ನಮ್ಮಪ್ಪ ಇವತ್ತು ಅದೇ ಲೈನಿನ ಮನೆಯಲ್ಲಿ ತಲೆಯೆತ್ತಿ ಬದುಕುತ್ತಿದ್ದಾರೆಂದರೆ ಅದು ಮೇಷ್ಟ್ರು ಕೊಟ್ಟದ್ದು. ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ.

ದಹನಕ್ಕೆ ಅವರದೇ ಜಮೀನಿನ ಮೂಲೆ ಗೊತ್ತುಮಾಡಿದ್ದರು. ಮೂರು ಕಡೆ ಒಣಹುಲ್ಲು, ಮೇಲೆ ಗಾಳಿ, ಕೆಳಗೆ ಬೇರೆಯವರ ಮನೆಗಳು. ಬಂಧುಗಳು ಚಿಂತೆಯಲ್ಲಿ ನಿಂತಿದ್ದಾಗ ಫೋನು ಮಾಡಿ ಅಪ್ಪನನ್ನು ಕರೆಸಿದ್ದು ಅದೇ ಗಾರ್ಡ್. "ನೀನಿದ್ರೆ ಸಾಕು ಮಾರಾಯ, ನಂಗೆ ಧೈರ್ಯ" ಎಂದರು. ಅಪ್ಪ ಬಂದವರೇ ಅಂಗಿ ಕಳಚಿ ಸುತ್ತ ಹುಲ್ಲು ಸವರಿ ಅಗಲಕ್ಕೆ ಬೆಂಕಿರೇಖೆ ತೆಗೆದರು. ಜೀಪಿನವ ಡ್ರಮ್ಮಿನಲ್ಲಿ ನೀರು ತಂದು ಸುರಿದ. ಮೇಷ್ಟ್ರ ಮಗ ಕೊಳ್ಳಿ ಇಟ್ಟಾಗ ಅಪ್ಪ ಹಸಿ ಸೊಪ್ಪಿನ ಕೊಂಬೆ ಹಿಡಿದು ಗಾಳಿಯ ದಿಕ್ಕಿಗೆ ನಿಂತಿದ್ದರು. ಹಾರಿದ ಒಂದೊಂದು ಕಿಡಿಯನ್ನೂ ಹೋಗಿ ಬಡಿದು ಬಂದರು.

ಜನ ಒಬ್ಬೊಬ್ಬರೇ ಸ್ನಾನಕ್ಕೆ ಹೊರಟರು. ಬಂಧುಗಳು ಹೋದರು, ಗಾರ್ಡ್ ಹೋದರು. ಬಿಸಿಲು ಇಳಿಯುತ್ತ ಬಂತು. ಉರಿ ಕೂತು ಬರೀ ಕೆಂಡ ಉಳಿದಿತ್ತು.

"ಹೋಗೋಣ ಅಪ್ಪಾ, ಇನ್ನೇನಿಲ್ಲ" ಎಂದೆ.

"ನೀ ಹೋಗು ಮಗಾ. ಪೂರ್ತಿ ಆರೋವರೆಗೆ ನಾ ಇರ್ತೀನಿ" ಎಂದರು ಅಪ್ಪ, ಕೆಂಡದಿಂದ ಕಣ್ಣು ತೆಗೆಯದೆ. "ಅವ್ರ ಬೆಂಕಿ ಇನ್ನೊಬ್ರ ಮನೆಗೆ ಹೋಯ್ತು ಅನ್ನೋ ಮಾತು ಬರ್ಬಾರ್ದು."

ನಾನು ಡಿಪೋಗೆ ಫೋನು ಮಾಡಿ ಇವತ್ತು ಸಂಜೆ ಟ್ರಿಪ್ಪಿಗೆ ಬರುವುದಿಲ್ಲ ಎಂದು ಹೇಳಿ, ಇನ್ನೊಂದು ಹಸಿ ಕೊಂಬೆ ಮುರಿದುಕೊಂಡು ಅವರ ಆಚೆ ಬದಿಗೆ ಹೋಗಿ ನಿಂತೆ.